ತಾಮ್ರದಚ್ಚು, ಉಕ್ಕಿನಚ್ಚು, ಕಲ್ಲಚ್ಚು: ವಸಾಹತು ಪಟ್ಟಣಗಳ ನಕ್ಷೆಯಲ್ಲಿ ಯಾವುದು ಒಳ್ಳೆಯದು?

ವಸಾಹತು ಕಾಲದ ಊರುಗಳ ನಕ್ಷೆ ಕೊಳ್ಳುವಾಗ ನಾನು ಮೊದಲು ಕೇಳುವುದು ಯಾವ ಊರು ಅಂತಲ್ಲ, ಯಾವ ಅಚ್ಚು ಅಂತ. ತಾಮ್ರದ ತಗಡಿನಲ್ಲಿ ಗೆರೆ ಕೊರೆದು ಒತ್ತಿದ್ದು ತಾಮ್ರದಚ್ಚು, ಉಕ್ಕಿನ ತಗಡಿನಲ್ಲಿ ಕೊರೆದದ್ದು ಉಕ್ಕಿನಚ್ಚು, ಕಲ್ಲಿನ ಮೇಲೆ ಬರೆದು ಒತ್ತಿದ್ದು ಕಲ್ಲಚ್ಚು. ಈ ಮೂರು ಬಗೆಯನ್ನೂ ಕೊಂಡು, ಒಂದೇ ಮೇಜಿನ ಮೇಲೆ ಹರಡಿ ನೋಡಿದ್ದೇನೆ.

ನನಗೆ ತುಂಬಾ ಇಷ್ಟವಾದದ್ದು ತಾಮ್ರದಚ್ಚಿನಲ್ಲಿರುವ, ಬೆಲಾಂ ಅವರ ಪಾಂಡಿಚೇರಿ ನಕ್ಷೆ. ಈತ ಫ್ರೆಂಚ್ ನೌಕಾ ಇಲಾಖೆಯ ನಕ್ಷೆಗಾರ. 1764ರಲ್ಲಿ ಬಂದ ಅವರ ಐದು ಸಂಪುಟಗಳ ಕಡಲ ಅಟ್ಲಾಸಿನ ಹಾಳೆ ಇದು. ಗಾತ್ರ ಚಿಕ್ಕದು, ಪುಸ್ತಕದ ಪುಟದಷ್ಟೇ. ಕೋಟೆ, ಸುತ್ತುಗೋಡೆ, ನೇರ ಬೀದಿಗಳು, ಎಲ್ಲ ಇವೆ. ಆದರೆ 1761ರಲ್ಲೇ ಇಂಗ್ಲಿಷರು ಊರನ್ನು ಗೆದ್ದು ಕೆಡವಿದ್ದರು. 1763ರ ಪ್ಯಾರಿಸ್ ಒಪ್ಪಂದದ ಪ್ರಕಾರ ಅದು ಫ್ರೆಂಚರಿಗೆ ಮರಳಿತು, ಮತ್ತೆ ಕಟ್ಟಿದ್ದು ಆಮೇಲೆ. ಅಂದರೆ ಈ ಹಾಳೆ ಅಚ್ಚಾದಾಗ ಇದರಲ್ಲಿರುವ ಊರು ನೆಲಸಮವಾಗಿತ್ತು! ಇದನ್ನು ತಿಳಿದ ಮೇಲೆ ಆ ಗೆರೆಗಳನ್ನು ಸುಮ್ನೆ ನೋಡಿ ಮುಂದೆ ಹೋಗಲು ನನ್ನಿಂದ ಆಗುವುದಿಲ್ಲ.

ತಾಮ್ರದಚ್ಚನ್ನು ಕೈಯಲ್ಲೇ ಗುರುತಿಸಬಹುದು. ತಗಡು ಒತ್ತಿದ ಕಡೆ ಕಾಗದ ಸ್ವಲ್ಪ ತಗ್ಗಿರುತ್ತದೆ, ಸುತ್ತ ಒಂದು ಚೌಕದ ಗುರುತು ಉಳಿಯುತ್ತದೆ. ಬೆಳಕಿಗೆ ಹಿಡಿದರೆ ಆ ಕಾಲದ ಕಾಗದದೊಳಗೆ ಸಾಲು ಗೆರೆಗಳು ಕಾಣುತ್ತವೆ. ಒಂದು ಸಲ ನಾನು ಬಣ್ಣ ನೋಡಿ ಮರುಳಾದೆ. ಮನೆಗೆ ಬಂದ ಹಾಳೆಯಲ್ಲಿ ಬಣ್ಣ ಇತ್ತೀಚಿನದು, ಅಂಚನ್ನೂ ಕತ್ತರಿಸಿದ್ದರು. ತಗಡಿನ ಗುರುತೇ ಹೋಗಿತ್ತು. ಆವತ್ತಿನಿಂದ ಬಣ್ಣವಿಲ್ಲದ, ಅಂಚು ಪೂರ್ತಿ ಇರುವ ಹಾಳೆಯನ್ನೇ ಹುಡುಕುತ್ತೇನೆ.

ಉಕ್ಕಿನಚ್ಚಿಗೆ ನನ್ನ ಬಳಿ ಇರುವುದು 1842ರ ಕಲ್ಕತ್ತಾ. ಲಂಡನ್ನಿನಲ್ಲಿ ಜನಸಾಮಾನ್ಯರಿಗೆಂದು ಅಗ್ಗದ ನಕ್ಷೆ ಹೊರತರುತ್ತಿದ್ದ ಸಂಘದ್ದು. ಉಕ್ಕು ಗಟ್ಟಿ, ಬೇಗ ಸವೆಯುವುದಿಲ್ಲ. ಹಾಗಾಗಿ ಕೂದಲೆಳೆಯಂಥ ಗೆರೆಗಳೂ ಚೊಕ್ಕವಾಗಿ ಬಂದಿವೆ. ಕೆಳಗೆ ಕಟ್ಟಡಗಳ ಪುಟ್ಟ ಚಿತ್ರಗಳೂ ಇವೆ. ಚೆಂದ ನಿಜ, ಆದರೆ ತಾಮ್ರದ ಬಿಸುಪು ಇದರಲ್ಲಿ ಇಲ್ಲ ಅನಿಸುತ್ತದೆ.

ಇನ್ನು ಕಲ್ಲಚ್ಚು. ಬ್ರಿಟಿಷರ ಕಾಲದ ಭಾರತದ ಮಾಹಿತಿಕೋಶವಾದ ಇಂಪೀರಿಯಲ್ ಗೆಜೆಟಿಯರಿನ 1909ರ ಅಟ್ಲಾಸಿನಲ್ಲಿ ಬಾರ್ತಲೋಮ್ಯೂ ಸಂಸ್ಥೆ ಮಾಡಿದ ಮದ್ರಾಸ್, ಬೊಂಬಾಯಿ ನಕ್ಷೆಗಳಿವೆ. ರೈಲು ದಾರಿ, ಬೀದಿ ಎಲ್ಲ ಬಣ್ಣದಲ್ಲಿ ಬಿಡಿಬಿಡಿಯಾಗಿವೆ. ಊರನ್ನು ಓದಬೇಕು, ಇಂದಿನ ಬೀದಿಗಳ ಜೊತೆ ತಾಳೆ ನೋಡಬೇಕು ಅಂದರೆ ಮೂರರಲ್ಲಿ ಇದೇ ಮುಂದು. ಹಳೆಯ ಎರಡಕ್ಕಿಂತ ಕಡಿಮೆ ಖರ್ಚಿಗೂ ಸಿಗುತ್ತದೆ. ಮಡಿಕೆಯ ಕಡೆ ಹರಿದಿದೆಯಾ ಅಂತ ಮಾತ್ರ ನೋಡಿಕೊಳ್ಳಿ.

ಹೊಸ ಮರುಮುದ್ರಣಗಳನ್ನು ಹಳೆಯದು ಅಂತ ಮಾರುವವರೂ ಇದ್ದಾರೆ. ಭೂತಗನ್ನಡಿ ಹಿಡಿದು ನೋಡಿ. ಗೆರೆ ಒಡೆದು ಬಣ್ಣಬಣ್ಣದ ಚುಕ್ಕೆಗಳಾಗಿ ಕಂಡರೆ ಅದು ಈಚಿನ ಅಚ್ಚು, ಅಲ್ವಾ?

ಮೊದಲ ಹಾಳೆ ಕೊಳ್ಳುವವರಿಗೆ ನಾನು ಹೇಳುವುದು 1909ರದನ್ನೇ. ಅದರಲ್ಲಿ ಊರಿನ ಬೀದಿಗಳು ಬಾಯಿಪಾಠವಾಗಲಿ. ಆಮೇಲೆ ಅದೇ ಊರಿನ ಹಳೆಯ ತಾಮ್ರದಚ್ಚಿನ ಹಾಳೆ ಕೈಗೆ ಬಂದಾಗ ಯಾವ ಬೀದಿ ಉಳಿಯಿತು, ಯಾವುದು ಹೋಯಿತು ಅಂತ ನಿಮ್ಮ ಕಣ್ಣಿಗೇ ಕಾಣುತ್ತದೆ.