ಡೇಟಾ ತಂಡವನ್ನು ಎಲ್ಲಿ ಕೂರಿಸಬೇಕು? ಗಂಗಾವತಿಯ ಅಕ್ಕಿ ಕಂಪನಿಯಲ್ಲಿ ನಾವು ಮಾಡಿ ನೋಡಿದ ಮೂರು ದಾರಿ

ಒಂದೇ ರೈಸ್ ಮಿಲ್ ಇರುವಾಗ ಲೆಕ್ಕವೆಲ್ಲ ಸಾಹುಕಾರರ ತಲೆಯಲ್ಲೇ ಇರುತ್ತದೆ. ಯಾವ ಊರಿನ ಭತ್ತಕ್ಕೆ ಅಕ್ಕಿ ಜಾಸ್ತಿ ಬೀಳುತ್ತದೆ, ಯಾವ ವ್ಯಾಪಾರಿ ದುಡ್ಡು ತಡ ಮಾಡುತ್ತಾನೆ ಅಂತ ನಿಂತಲ್ಲೇ ಹೇಳಿಬಿಡುತ್ತಾರೆ. ಕಾರಟಗಿಯಲ್ಲಿ ಎರಡನೇ ಮಿಲ್ ಬಂತು. ಸಿಂಧನೂರು, ಮಾನ್ವಿ, ಸಿರುಗುಪ್ಪದಲ್ಲಿ ಖರೀದಿ ಶುರುವಾಯಿತು. ನಮ್ಮದೇ ಹೆಸರಿನ ಚೀಲ ಬೆಂಗಳೂರು, ಹೈದರಾಬಾದಿಗೆ ಹೋಗತೊಡಗಿತು. ಇಷ್ಟಾದ ಮೇಲೆ ಒಬ್ಬರ ತಲೆಲೆಕ್ಕ ಸಾಲುವುದಿಲ್ಲ. ಆಗ ಡೇಟಾ ಅನಲಿಟಿಕ್ಸ್ ತಂಡ ಕಟ್ಟುವ ಕೆಲಸ ನನ್ನ ಪಾಲಿಗೆ ಬಂತು.

ನಾವು ಮೂರು ದಾರಿಗಳನ್ನು ಒಂದರ ಹಿಂದೆ ಒಂದು ಮಾಡಿ ನೋಡಿದೆವು. ಮೊದಲು ಹೊರಗಿನ ಕಂಪನಿಗೆ ಗುತ್ತಿಗೆ. ಆಮೇಲೆ ಮುಖ್ಯ ಕಚೇರಿಯಲ್ಲಿ ನಮ್ಮದೇ ಒಂದು ತಂಡ. ಕೊನೆಗೆ ಅದೇ ತಂಡದವರನ್ನು ಖರೀದಿ, ಮಿಲ್ಲು, ಮಾರಾಟ ಅಂತ ಹಂಚಿ ಆಯಾ ಜಾಗದಲ್ಲೇ ಕೂರಿಸುವುದು. ನನ್ನ ಮತ ಮೂರನೆಯದಕ್ಕೆ. ಆದರೆ ಅದನ್ನು ಹಾಗೆಯೇ ಬಿಟ್ಟರೆ ಕೆಡುತ್ತದೆ.

ಹೊರಗಿನವರಿಗೆ ಗುತ್ತಿಗೆ ಕೊಟ್ಟಾಗ

ಬೆಂಗಳೂರಿನ ಒಂದು ಕನ್ಸಲ್ಟಿಂಗ್ ಕಂಪನಿಗೆ ಕೆಲಸ ಒಪ್ಪಿಸಿದೆವು. ಅವರು ಮಾಡಿದ ಒಳ್ಳೆಯದನ್ನು ಮೊದಲು ಹೇಳಬೇಕು. ಲೆಕ್ಕ ಟ್ಯಾಲಿಯಲ್ಲಿತ್ತು, ತೂಕ ಲಾರಿ ತೂಗುವ ಕಾಟಾದ ಸಾಫ್ಟ್‌ವೇರ್‌ನಲ್ಲಿತ್ತು, ಮಾರಾಟ ಹತ್ತಾರು ಎಕ್ಸೆಲ್ ಹಾಳೆಗಳಲ್ಲಿತ್ತು. ಅವರು ಇದೆಲ್ಲವನ್ನೂ ಒಂದು ಪೋಸ್ಟ್‌ಗ್ರೆಸ್ ಡೇಟಾಬೇಸಿಗೆ ತಂದು ಹಾಕಿದರು. ದಿನಾ ರಾತ್ರಿ ಹೊಸ ಡೇಟಾ ತಾನೇ ಬಂದು ಸೇರುವ ಹಾಗೆ ಮಾಡಿದರು. ಬ್ಯಾಕಪ್ ಎಲ್ಲಿರಬೇಕು, ಯಾರಿಗೆ ಏನು ಕಾಣಬೇಕು ಎಂಬ ಶಿಸ್ತನ್ನು ನಮಗೆ ಕಲಿಸಿದ್ದೇ ಅವರು. ಆ ಅಡಿಪಾಯ ಇವತ್ತಿಗೂ ಗಟ್ಟಿಯಾಗಿದೆ.

ತೊಂದರೆ ಶುರುವಾಗಿದ್ದು ಅದರ ಮೇಲೆ ಕಟ್ಟಿದ ಡ್ಯಾಶ್‌ಬೋರ್ಡಿನಲ್ಲಿ, ಅಂದರೆ ಅಂಕಿಗಳನ್ನೆಲ್ಲ ಒಂದೇ ಕಡೆ ತೋರಿಸುವ ಪರದೆಯಲ್ಲಿ. ನಮ್ಮ ಕಡೆ ಭತ್ತದ ದರ ಮಾತಾಡುವುದು 75 ಕೆಜಿ ಚೀಲಕ್ಕೆ. ಸರ್ಕಾರದ ಬೆಂಬಲ ಬೆಲೆ ಕ್ವಿಂಟಲ್ ಲೆಕ್ಕದಲ್ಲಿ. ಅಕ್ಕಿ ಹೋಗುವುದು 26 ಕೆಜಿ ಚೀಲದಲ್ಲಿ. ಇದು ಮೊದಲು 25 ಕೆಜಿ ಇತ್ತು. 2022ರ ಜುಲೈ 18ರಿಂದ, ಪ್ಯಾಕ್ ಮಾಡಿ ಲೇಬಲ್ ಹಚ್ಚಿದ 25 ಕೆಜಿವರೆಗಿನ ಅಕ್ಕಿಗೆ ಶೇ 5 ಜಿಎಸ್‌ಟಿ ಬಿತ್ತು. ಅದಕ್ಕೇ ಮಿಲ್ಲುಗಳು 26ಕ್ಕೆ ಹೋದವು. ಅವರ ಡ್ಯಾಶ್‌ಬೋರ್ಡು ಮಾರಾಟವನ್ನು ಚೀಲದ ಲೆಕ್ಕದಲ್ಲಿ ತೋರಿಸುತ್ತಿತ್ತು. ಅಷ್ಟೇ ಟನ್ ಅಕ್ಕಿ ಹೋಗಿದ್ದರೂ ಚೀಲ ಸುಮಾರು ಶೇ 4ರಷ್ಟು ಕಡಿಮೆ ಆಗಿರುತ್ತದಲ್ವಾ? ಪರದೆಯ ಮೇಲೆ ಮಾರಾಟ ಬಿದ್ದಿದೆ ಅಂತ ಕೆಂಪು ಬಾಣ ಬಂತು. ನಮ್ಮ ಗೋಡೌನ್ ಗುಮಾಸ್ತರು ಒಂದೇ ನೋಟದಲ್ಲಿ ಕಾರಣ ಹೇಳಿದರು. ಅದನ್ನು ಸರಿಮಾಡಿಸಲು ಮಾತ್ರ ಮೇಲ್, ಕೊಟೇಶನ್, ಒಪ್ಪಿಗೆ, ಮತ್ತೆ ಮೇಲ್ ಅಂತ ಸೀಸನ್ ಮುಗಿದುಹೋಯಿತು.

ಅವರ ಜಾಣತನದಲ್ಲಿ ಕೊರತೆ ಇರಲಿಲ್ಲ. ಬೆಳೆಯುವ ಕಂಪನಿಯಲ್ಲಿ ಪ್ರಶ್ನೆ ದಿನಾ ಹುಟ್ಟುತ್ತದೆ, ಗುತ್ತಿಗೆಯ ಪತ್ರದಲ್ಲಿ ಅದು ವರ್ಷಕ್ಕೊಮ್ಮೆ ಮಾತ್ರ ಹಿಡಿಸುತ್ತದೆ. ಡೇಟಾ ತಾನೇ ಬಂದು ಸೇರುವ ಪೈಪ್‌ಲೈನ್ ಹಾಕಿಸಲು ಹೊರಗಿನವರು ಬೇಕು. ದಿನದ ಪ್ರಶ್ನೆಗೆ ಉತ್ತರ ಹುಡುಕಲು ನಮ್ಮವರೇ ಬೇಕು.

ಕಚೇರಿಯಲ್ಲಿ ಒಂದೇ ತಂಡ

ಗಂಗಾವತಿಯ ಮುಖ್ಯ ಕಚೇರಿಯಲ್ಲಿ ಒಂದು ಕೋಣೆ ಮಾಡಿ ತಂಡವನ್ನು ಒಟ್ಟಿಗೆ ಕೂರಿಸಿದೆವು. ಹೊಸಬರು ಬೇಗ ಕಲಿತರು. ಡೇಟಾಬೇಸಿನಿಂದ ಅಂಕಿ ತೆಗೆಯಲು ಒಬ್ಬರು ಬರೆದ ಕ್ವೆರಿಯನ್ನು ಇನ್ನೊಬ್ಬರು ನೋಡಿ ತಪ್ಪು ಹಿಡಿಯುತ್ತಿದ್ದರು. ಬ್ಯಾಂಕಿಗೆ ಕೊಡುವ ಸ್ಟಾಕಿನ ಲೆಕ್ಕವೂ ಸಾಹುಕಾರರು ನೋಡುವ ಸ್ಟಾಕಿನ ಲೆಕ್ಕವೂ ಮೊದಲ ಸಲ ಒಂದೇ ಆದವು.

ಈ ದಾರಿಯ ಬಲ ನನಗೆ ಚೆನ್ನಾಗಿ ಕಂಡಿದ್ದು 2024ರ ಆಗಸ್ಟಿನಲ್ಲಿ. 10ನೇ ತಾರೀಖಿನ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೆಯದರ ಚೈನು ತುಂಡಾಗಿ ಗೇಟೇ ಕೊಚ್ಚಿಕೊಂಡು ಹೋಯಿತು. ತುಂಬಿದ್ದ ಡ್ಯಾಮಿನಿಂದ ನೀರು ಹೊಳೆಗೆ ಹರಿಯುತ್ತಿತ್ತು. ನಮ್ಮ ಭಾಗದಲ್ಲಿ ಅವತ್ತು ಯಾರಿಗೂ ನಿದ್ದೆ ಬಂದಿರಲಾರದು. ಎಡದಂಡೆ ಕಾಲುವೆಯ ನೀರಿಲ್ಲದೆ ಇಲ್ಲಿ ರೈತನೂ ಇಲ್ಲ, ಮಿಲ್ಲೂ ಇಲ್ಲ. ಬೆಳಗಾಗುವುದರೊಳಗೆ ಎಲ್ಲರದೂ ಒಂದೇ ಪ್ರಶ್ನೆ: ಮುಂಗಾರು ಭತ್ತಕ್ಕೆ ಕೊನೆತನಕ ನೀರು ಸಿಗುತ್ತದಾ? ಎರಡನೇ ಬೆಳೆ ಇರುತ್ತದಾ? ಗೋಡೌನಿನಲ್ಲಿರುವ ಭತ್ತ ಮಾರಬೇಕಾ, ಹಿಡಿದಿಡಬೇಕಾ?

ಇಂಥ ಪ್ರಶ್ನೆಗೆ ಖರೀದಿಯವರೊಬ್ಬರೇ ಉತ್ತರ ಕೊಡಲಾರರು. ಯಾವ ಗೋಡೌನಿನಲ್ಲಿ ಎಷ್ಟಿದೆ, ಬೆಂಗಳೂರಿನ ವ್ಯಾಪಾರಿಗಳಿಗೆ ಒಪ್ಪಿಕೊಂಡ ಅಕ್ಕಿ ಎಷ್ಟು, ಬ್ಯಾಂಕಿನ ಸಿಸಿ ಲಿಮಿಟ್‌ನಲ್ಲಿ (ಕ್ಯಾಶ್ ಕ್ರೆಡಿಟ್ ಸಾಲದ ಮಿತಿಯಲ್ಲಿ) ಎಷ್ಟು ಉಳಿದಿದೆ ಎಂಬುದೆಲ್ಲ ಒಂದೇ ಹಾಳೆಯ ಮೇಲೆ ಬರಬೇಕು. ಒಂದೇ ಕೋಣೆಯಲ್ಲಿದ್ದ ತಂಡ ಅದನ್ನು ಮಾಡಿತು. ನೀರು ಪೂರ್ತಿ ಸಿಕ್ಕರೆ, ಒಂದೇ ಬೆಳೆಗೆ ಸಿಕ್ಕರೆ, ಅದಕ್ಕೂ ಸಾಲದಿದ್ದರೆ ಅಂತ ಮೂರು ಲೆಕ್ಕ ಹಾಕಿದರು. ಪ್ರತಿ ಲೆಕ್ಕಕ್ಕೂ ಯಾವ ವಾರದೊಳಗೆ ತೀರ್ಮಾನ ಮಾಡಬೇಕು ಅಂತ ಬರೆದರು. ಮುಂದೆ ಗೇಟಿನ ಜಾಗದಲ್ಲಿ ನೀರು ತಡೆಯುವ ತಾತ್ಕಾಲಿಕ ತಡೆ, ಅಂದರೆ ಸ್ಟಾಪ್‌ಲಾಗ್ ಕೂರಿಸಿದರು, ಅದೇ ಮಳೆಗಾಲದಲ್ಲಿ ಡ್ಯಾಮು ಮತ್ತೆ ತುಂಬಿತು. ನಾವು ಗಾಬರಿಯಲ್ಲಿ ಒಂದು ಚೀಲವನ್ನೂ ಮಾರಿರಲಿಲ್ಲ.

ಹಾಗಾದರೆ ಅದನ್ನೇ ಯಾಕೆ ಮುಂದುವರಿಸಲಿಲ್ಲ ಅಂತ ಕೇಳಬಹುದು. ಅಂಥ ದೊಡ್ಡ ಪ್ರಶ್ನೆ ಅಪರೂಪಕ್ಕೆ ಬರುತ್ತದೆ. ಉಳಿದ ದಿನಗಳಲ್ಲಿ ಆ ಕೋಣೆ ರಿಪೋರ್ಟ್ ಹೊಲಿಯುವ ಟೈಲರ್ ಅಂಗಡಿ ಆಗಿಬಿಟ್ಟಿತ್ತು. ಅಳತೆ ಕೊಟ್ಟು ಹೋಗುವುದು, ವಾರ ಬಿಟ್ಟು ಬಂದು ಒಯ್ಯುವುದು. ಜೋರಾಗಿ ಕೇಳಿದವರ ಕೆಲಸ ಮೊದಲು. ಮೆತ್ತಗೆ ಕೇಳುವ ಮಿಲ್ ಮ್ಯಾನೇಜರ್ ಸರತಿಯ ಕೊನೆಯಲ್ಲಿ. ಎಷ್ಟೋ ರಿಪೋರ್ಟುಗಳನ್ನು ಕೇಳಿ ಮಾಡಿಸಿಕೊಂಡವರೇ ತೆರೆದು ನೋಡುತ್ತಿರಲಿಲ್ಲ. ತಂಡದ ಹುಡುಗರು ದಿನವೆಲ್ಲ ಭತ್ತದ ಅಂಕಿ ಎಣಿಸುತ್ತಿದ್ದರು, ಭತ್ತದ ಲಾರಿ ಇಳಿಯುವುದನ್ನು ಒಮ್ಮೆಯೂ ನೋಡಿರಲಿಲ್ಲ. ನನಗೆ ಅದು ಬಹಳ ಚುಚ್ಚುತ್ತಿತ್ತು.

ಕಾಟಾದ ಪಕ್ಕದಲ್ಲಿ ಕುರ್ಚಿ

ಮೂರನೇ ದಾರಿಯಲ್ಲಿ ತಂಡದ ಒಬ್ಬ ಹುಡುಗಿಯನ್ನು ಕೊಯ್ಲಿನ ಸೀಸನ್ನಿನಲ್ಲಿ ಕಾರಟಗಿ ಮಿಲ್ಲಿಗೆ ಕಳಿಸಿದೆವು. ಕಾಟಾ ಮನೆಯಲ್ಲಿ, ಗುಮಾಸ್ತರ ಪಕ್ಕದಲ್ಲೇ ಕುರ್ಚಿ. ಬಂದ ಭತ್ತದ ತೇವಾಂಶವನ್ನು ಮೀಟರಿನಲ್ಲಿ ನೋಡಿ ಅಲ್ಲಿಯೇ ಬರೆಯುತ್ತಾರೆ. ಸರ್ಕಾರದ ಖರೀದಿಗೆ ಶೇ 17 ಮಿತಿ. ನಾವೂ ಅದನ್ನೇ ಇಟ್ಟುಕೊಂಡಿದ್ದೆವು, ದಾಟಿದರೆ ತೂಕದಲ್ಲಿ ಸೂಟು ಕಡಿಯುವುದು, ಅಂದರೆ ನೀರಿನ ಲೆಕ್ಕಕ್ಕೆ ಒಂದಿಷ್ಟು ತೂಕ ಕಳೆಯುವುದು.

ಅವಳು ಆ ಅಂಕಿಗಳನ್ನು ಗ್ರಾಫಿನಲ್ಲಿ ಹಾಕಿ ನೋಡಿದಳು. ಸರಿಯಾಗಿ 17ರಲ್ಲೇ ದೊಡ್ಡ ಗುಡ್ಡ. 17 ಮತ್ತು 18ರ ನಡುವೆ ಹೆಚ್ಚುಕಮ್ಮಿ ಖಾಲಿ. ಹೊಲದಿಂದ ಬರುವ ಭತ್ತ ಹಾಗೆ ಬರುವುದೇ ಇಲ್ಲ. ಕಚೇರಿಯಲ್ಲಿದ್ದಾಗ ನಾವು ನೋಡುತ್ತಿದ್ದದ್ದು ಸರಾಸರಿ ಮಾತ್ರ, ಅದರಲ್ಲಿ ಈ ಗುಡ್ಡ ಕಾಣುವುದಿಲ್ಲ. ಅವಳು ಪಕ್ಕಕ್ಕೆ ತಿರುಗಿ ಗುಮಾಸ್ತರನ್ನೇ ಕೇಳಿದಳು. ಅವರು ಮುಚ್ಚಿಡಲಿಲ್ಲ. ‘17 ದಾಟಿದ್ರ ಸೂಟು ಕಡಿಬೇಕಾಗ್ತದ ನೋಡವ್ವ. ರೈತರು ಜಗಳಕ್ಕ ನಿಲ್ತಾರ. ಹಿಂದ ಲಾರಿ ಸಾಲು ನಿಂತಿರ್ತದ. ಸ್ವಲ್ಪ ಮ್ಯಾಲಿದ್ರ 17 ಅಂತ ಬರದ್ಬಿಡ್ತೀವಿ’ ಅಂದರು.

ಇದರಲ್ಲಿ ಎಷ್ಟು ನಷ್ಟ ಅಂತ ಲೆಕ್ಕ ಹಾಕಿ ನೋಡಿ. 75 ಕೆಜಿ ಭತ್ತ ಶೇ 17ರಿಂದ 14ಕ್ಕೆ ಒಣಗಿದರೆ ಸುಮಾರು 72.4 ಕೆಜಿ ಉಳಿಯುತ್ತದೆ. ಶೇ 18ರಿಂದ ಒಣಗಿದರೆ 71.5 ಕೆಜಿ. ಚೀಲಕ್ಕೆ ಮುಕ್ಕಾಲು ಕೆಜಿಗೂ ಜಾಸ್ತಿ ವ್ಯತ್ಯಾಸ. ಈ ನೀರಿನ ತೂಕವೆಲ್ಲ ನಮ್ಮ ಡ್ಯಾಶ್‌ಬೋರ್ಡಿನಲ್ಲಿ ಮಿಲ್ಲಿನ ಇಳುವರಿ (ಭತ್ತಕ್ಕೆ ಬೀಳುವ ಅಕ್ಕಿ) ಕಡಿಮೆ ಅಂತ ಕಾಣುತ್ತಿತ್ತು. ಮಿಲ್ ಮ್ಯಾನೇಜರ್ ಪ್ರತಿ ಮೀಟಿಂಗಿನಲ್ಲಿ ಬೈಸಿಕೊಳ್ಳುತ್ತಿದ್ದರು. ಇತ್ತ ಚೆನ್ನಾಗಿ ಒಣಗಿಸಿ 15ಕ್ಕೆ ತಂದ ರೈತನಿಗೂ ಹಸಿ ತಂದವನಿಗೂ ಒಂದೇ ದರ. ಇದು ನನಗೆ ಇನ್ನೂ ದೊಡ್ಡ ಅನ್ಯಾಯ ಅನಿಸಿತು.

ಪರಿಹಾರ ಹುಟ್ಟಿದ್ದೂ ಅದೇ ಕಾಟಾ ಮನೆಯಲ್ಲಿ. ಒಂದೇ ಗೆರೆ ಎಳೆದು ದಾಟಿದರೆ ಕಡಿ ಅನ್ನುವ ಬದಲು, ಅರ್ಧ ಅರ್ಧ ಪರ್ಸೆಂಟಿಗೆ ದರ ಮೆಟ್ಟಿಲಾಗಿ ಏರಿಳಿಯುವ ಪಟ್ಟಿ ಮಾಡಿದರು. ಅದನ್ನು ಗೋಡೆಗೆ ಹಚ್ಚಿದರು. ಮೀಟರಿನ ಓದನ್ನು ಚೀಟಿಯಲ್ಲಿ ಅಚ್ಚು ಹಾಕಿ ರೈತರ ಕೈಗೆ ಕೊಟ್ಟರು. ಮೇಲಿನ ಚೀಲದಿಂದಷ್ಟೇ ಕಾಳು ತೆಗೆಯುವುದನ್ನು ಬಿಟ್ಟು ಲೋಡಿನ ನಡುವಿನಿಂದಲೂ ತೆಗೆದರು. ಗ್ರಾಫಿನ ಗುಡ್ಡ ಕರಗಿತು. ಜಗಳವೂ ಕಡಿಮೆಯಾಯಿತು.

ಈ ದಾರಿಯ ಕೆಡುಕೂ ಸಣ್ಣದಲ್ಲ. ಖರೀದಿಯಲ್ಲಿ ಕೂತವನು ನುಚ್ಚನ್ನೂ ಸೇರಿಸಿ ಇಳುವರಿ ಹೇಳುತ್ತಿದ್ದ. ಮಾರಾಟದಲ್ಲಿ ಕೂತವನು ಇಡೀ ಕಾಳಿನ ಲೆಕ್ಕ ಮಾತ್ರ ಹಿಡಿಯುತ್ತಿದ್ದ. ಸರ್ಕಾರದ ಮಿಲ್ಲಿಂಗಿನಲ್ಲಿ ಒಂದು ಕ್ವಿಂಟಲ್ ಭತ್ತಕ್ಕೆ 67 ಕೆಜಿ ಬೆಳ್ತಿಗೆ ಅಕ್ಕಿ ಕೊಡಬೇಕು, ಕುಚ್ಚಲಕ್ಕಿಯಾದರೆ 68, ಅದರಲ್ಲಿ ಒಂದಿಷ್ಟು ನುಚ್ಚಿಗೆ ಅವಕಾಶ ಇದೆ. ಮಿಲ್ಲಿನವರು ಆ ಲೆಕ್ಕ ಹಿಡಿದರು. ಒಂದೇ ಲಾಟ್ ಭತ್ತಕ್ಕೆ ಮೂರು ಇಳುವರಿ ಬಂದ ದಿನ ಮೀಟಿಂಗು ಅಲ್ಲಿಗೇ ನಿಂತಿತು. ಇನ್ನೊಂದು ತೊಂದರೆ: ವಿಭಾಗದ ಮುಖ್ಯಸ್ಥರ ಕೈಗೆ ಕಂಪ್ಯೂಟರ್ ಬರುವ ಹುಡುಗ ಸಿಕ್ಕರೆ ಮೆಲ್ಲಗೆ ಬಿಲ್ ಹಾಕಲು, ಇ-ವೇ ಬಿಲ್ ತೆಗೆಯಲು ಹಚ್ಚುತ್ತಾರೆ. ಅವನ ಕೆಲಸ ನೋಡಿ ತಿದ್ದುವವರು ಪಕ್ಕದಲ್ಲಿ ಯಾರೂ ಇರುವುದಿಲ್ಲ. ಒಂಟಿಯಾಗಿ ಬೇಸತ್ತು ಒಬ್ಬ ಒಳ್ಳೆಯ ಹುಡುಗ ಬಿಟ್ಟೇ ಹೋದ.

ಈಗ ಹೇಗೆ ನಡೆಸುತ್ತಿದ್ದೇವೆ

ವಾರವೆಲ್ಲ ಅವರವರ ವಿಭಾಗದಲ್ಲಿ ಕೂರುತ್ತಾರೆ. ಶನಿವಾರ ಎಲ್ಲರೂ ಗಂಗಾವತಿಯಲ್ಲಿ ಒಂದೇ ಟೇಬಲ್ಲಿಗೆ. ಆವತ್ತು ಒಬ್ಬರ ಕೆಲಸ ಇನ್ನೊಬ್ಬರು ನೋಡುವುದು ಕಡ್ಡಾಯ. ದಿನದ ಕೆಲಸವನ್ನು ವಿಭಾಗದವರು ಹೇಳಬಹುದು. ಸಂಬಳ, ಬಡ್ತಿ, ಕೆಲಸದ ಗುಣಮಟ್ಟ ತಂಡದ ಮುಖ್ಯಸ್ಥರ ಕೈಯಲ್ಲಿ. ಇದನ್ನು ಮೊದಲೇ ಬರೆದು ಸಾಹುಕಾರರ ಸಹಿ ಹಾಕಿಸಿದ್ದರಿಂದ ಬಿಲ್ ಹಾಕುವ ಕಾಟ ನಿಂತಿತು. ಇಳುವರಿ, ಚೀಲ, ಬಾಕಿ, ಸ್ಟಾಕು ಇವನ್ನು ಹೇಗೆ ಲೆಕ್ಕ ಹಾಕಬೇಕು ಎಂಬುದಕ್ಕೆ ಒಂದೇ ಪಟ್ಟಿ ಇದೆ. ಶನಿವಾರ ಎಲ್ಲರೂ ಒಪ್ಪದೆ ಅದರಲ್ಲಿ ಒಂದು ಸಾಲೂ ಬದಲಾಗುವುದಿಲ್ಲ.

ಹೊಸ ರಿಪೋರ್ಟ್ ಕೇಳಿದವರಿಗೆ ಒಂದು ಪ್ರಶ್ನೆ ಇಟ್ಟಿದ್ದೇವೆ: ‘ಈ ಅಂಕಿ ಹೆಚ್ಚಾದರೆ ಏನು ಮಾಡ್ತೀರಿ, ಕಡಿಮೆಯಾದರೆ ಏನು ಮಾಡ್ತೀರಿ?’ ಎರಡಕ್ಕೂ ಉತ್ತರ ಒಂದೇ ಆಗಿದ್ದರೆ ಆ ರಿಪೋರ್ಟ್ ಬೇಕಿಲ್ಲ. ಹಳೆಯ ರಿಪೋರ್ಟುಗಳಲ್ಲಿ ಬಹಳಷ್ಟು ಹೀಗೇ ಬಿದ್ದುಹೋದವು. ತಂಡದ ಮುಖ್ಯಸ್ಥರಾದವರು ಸುಮ್ನೆ ಎಲ್ಲದಕ್ಕೂ ಹೂಂ ಅನ್ನಬಾರದು. ಅಷ್ಟೇ ಮುಖ್ಯವಾದ ಇನ್ನೊಂದು ಕೆಲಸ, ಹುಡುಗರು ಕಹಿ ಅಂಕಿ ತಂದಾಗ ಅವರ ಬೆನ್ನಿಗೆ ನಿಲ್ಲುವುದು. ಕಾಟಾದ ಗ್ರಾಫನ್ನು ಮೀಟಿಂಗಿನಲ್ಲಿ ಇಡುವ ಮುಂಚೆ ನಾನು ಗುಮಾಸ್ತರ ಹೆಸರು ಬರದಂತೆ ನೋಡಿಕೊಂಡೆ. ನಿಯಮ ಬದಲಾಗಬೇಕಿತ್ತು. ನಿಜ ಹೇಳಿದ ಮನುಷ್ಯನಿಗೆ ಪೆಟ್ಟು ಬಿದ್ದರೆ ಮುಂದೆ ಯಾರೂ ನಿಜ ಹೇಳುವುದಿಲ್ಲ.

ಬೆಂಗಳೂರಿನ ಅನುಭವಿಯೋ, ಇಲ್ಲಿಯ ಹೊಸಬರೋ

ಎರಡನ್ನೂ ನೋಡಿದ್ದೇವೆ. ಅನುಭವಿ ಒಬ್ಬರು ಬೇಕೇ ಬೇಕು, ಅದೂ ಮೊದಲಿಗೇ. ಡೇಟಾ ಸರಿಯಾಗಿ ಬಂದು ಸೇರದಿದ್ದರೆ ಉಳಿದವರಿಗೆ ಕೆಲಸವೇ ಇರುವುದಿಲ್ಲ. ನಮ್ಮ ಡೇಟಾ ಎಂಜಿನಿಯರ್ ಬೆಂಗಳೂರಿನಲ್ಲೇ ಕೂತು ಕೆಲಸ ಮಾಡುತ್ತಾರೆ. ಆಗಾಗ ರಾತ್ರಿ ಹಂಪಿ ಎಕ್ಸ್‌ಪ್ರೆಸ್ಸಿಗೆ ಹೊಸಪೇಟೆಗೆ ಬಂದು ಇಲ್ಲಿದ್ದು ಹೋಗುತ್ತಾರೆ. ಅವರ ಕೆಲಸಕ್ಕೆ ಅಷ್ಟು ಸಾಕು.

ವಿಭಾಗದಲ್ಲಿ ಕೂರುವವರು ಮಾತ್ರ ಇಲ್ಲಿಯವರೇ ಆಗಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಬಿಕಾಂ ಮಾಡಿದವರು, ಬಿಎಸ್ಸಿ ಅಗ್ರಿ ಮಾಡಿದವರು, ಬಳ್ಳಾರಿ, ರಾಯಚೂರಿನಲ್ಲಿ ಎಂಜಿನಿಯರಿಂಗ್ ಮುಗಿಸಿದವರು ನಮ್ಮಲ್ಲಿದ್ದಾರೆ. ಡೇಟಾಬೇಸಿಗೆ ಪ್ರಶ್ನೆ ಕೇಳುವ ಭಾಷೆ ಎಸ್‌ಕ್ಯೂಎಲ್ ಕಲಿಸಬಹುದು. ಹಮಾಲರ ಜೊತೆ, ದಲಾಲರ ಜೊತೆ ಕೂತು ಮಾತಾಡಿ ವಿಷಯ ತೆಗೆಯುವುದನ್ನು ಕಲಿಸುವುದು ಕಷ್ಟ. ಇಂಟರ್‌ವ್ಯೂನಲ್ಲಿ ಕಾಟಾ ರಿಜಿಸ್ಟರಿನ ಒಂದು ಹಳೇ ಪುಟದ ಜೆರಾಕ್ಸ್ ಕೊಡುತ್ತೇವೆ. ಇದರಲ್ಲಿ ಏನು ಸಂಶಯ ಬರುತ್ತದೆ ಹೇಳಿ ಅನ್ನುತ್ತೇವೆ. ಖಾಲಿ ಲಾರಿಯ ತೂಕ ಎಲ್ಲಾ ಸಲವೂ ಒಂದೇ ಯಾಕಿದೆ ಅಂತ ಕೇಳಿದವರನ್ನು ತೆಗೆದುಕೊಂಡಿದ್ದೇವೆ.

ಒಂದು ಮಾತು ಒಪ್ಪಿಕೊಳ್ಳಬೇಕು. ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನದ 371(ಜೆ) ವಿಧಿಯ ಮೀಸಲಾತಿ ಇರುವುದರಿಂದ ನಮ್ಮ ಭಾಗದ ಹುಡುಗರಿಗೆ ಸರ್ಕಾರಿ ನೌಕರಿಯ ಆಸೆ ಜಾಸ್ತಿ, ಅದು ಅವರ ಹಕ್ಕು ಕೂಡ. ಪರೀಕ್ಷೆ ಪಾಸಾದರೆ ಹೋಗುತ್ತಾರೆ. ಅದಕ್ಕೇ ಪ್ರತಿ ವಿಭಾಗದ ಕೆಲಸ ಇಬ್ಬರಿಗೆ ಗೊತ್ತಿರುವ ಹಾಗೆ ನೋಡಿಕೊಳ್ಳುತ್ತೇವೆ.

ಸಾಫ್ಟ್‌ವೇರ್ ಬಗ್ಗೆ ಎರಡೇ ಮಾತು. ಎಕ್ಸೆಲ್ ಬಿಡಿಸಲು ಹೋಗಬೇಡಿ. ಒಂದು ಹಾಳೆಗೆ 10,48,576 ಸಾಲಿನ ಮಿತಿ ಇದೆ, ಮೂಲ ಡೇಟಾ ಬೇರೆ ಕಡೆ ಇದ್ದರೆ ಅದು ಅಡ್ಡಿ ಆಗುವುದಿಲ್ಲ. ಡ್ಯಾಶ್‌ಬೋರ್ಡ್ ಕಟ್ಟಲು ಪವರ್ ಬಿಐ ನೋಡಲು ಚೆಂದ, ಆದರೆ ಪ್ರೊ ಲೈಸೆನ್ಸಿಗೆ 2025ರ ಏಪ್ರಿಲಿನಿಂದ ತಲೆಗೆ ತಿಂಗಳಿಗೆ 14 ಡಾಲರ್. ಅದೇ ಕೆಲಸಕ್ಕೆ ಮೆಟಾಬೇಸ್‌ನ ಓಪನ್ ಸೋರ್ಸ್ ಆವೃತ್ತಿ ಉಚಿತ, ನಮ್ಮ ಸರ್ವರಿನಲ್ಲೇ ನಡೆಯುತ್ತದೆ. ಸಾಹುಕಾರರಿಗೂ ಬ್ಯಾಂಕಿಗೂ ಪವರ್ ಬಿಐ, ಮಿಲ್ಲಿನವರಿಗೆ ಮೆಟಾಬೇಸ್ ಅಂತ ಮಾಡಿಕೊಂಡಿದ್ದೇವೆ.

ಸಿರುಗುಪ್ಪದ ಖರೀದಿ ಕೇಂದ್ರದಲ್ಲಿ ಇನ್ನೂ ನಮ್ಮವರು ಯಾರೂ ಇಲ್ಲ. ಅಲ್ಲಿಯ ತೇವಾಂಶದ ಅಂಕಿಯಲ್ಲೂ 17ರಲ್ಲೇ ಗುಡ್ಡ ಕಾಣುತ್ತಿದೆ. ಮುಂಗಾರು ಭತ್ತ ಕೊಯ್ಲಿಗೆ ಬರುವುದರೊಳಗೆ ಒಬ್ಬರನ್ನು ಕಳಿಸಬೇಕು. ಕಾರಟಗಿಯ ಹುಡುಗಿಯೇ ಹೋಗಿ ಹೊಸಬರಿಗೆ ಕಾಟಾದ ಕೆಲಸ ತೋರಿಸಿಕೊಡುತ್ತೇನೆ ಅಂದಿದ್ದಾಳೆ.