ಎರಡು ಬ್ಲಾಕ್ ಮಾಡೆಲ್ ಒಂದಾಗಿಸಲು: ಆಡ್‌ಮಾಡ್, ರೆಗ್ಯುಲರೈಸ್, ಪಾಂಡಾಸ್

ಮಂಗಳೂರಿನಲ್ಲಿ ಕೂತು ಸಂಡೂರಿನ ಕಬ್ಬಿಣದ ಅದಿರಿಗೆ ಪ್ಲಾನ್ ಮಾಡುವ ನಮ್ಮಂಥ ಸಣ್ಣ ಕಚೇರಿಗೆ ಎರಡು ಬ್ಲಾಕ್ ಮಾಡೆಲ್ (ನಿಕ್ಷೇಪವನ್ನು ಸಣ್ಣ ಪೆಟ್ಟಿಗೆಗಳಾಗಿ ಕತ್ತರಿಸಿ ಪ್ರತಿಯೊಂದರ ಕಬ್ಬಿಣ, ಸಾಂದ್ರತೆ ಬರೆದಿಟ್ಟ ಕೋಷ್ಟಕ) ಒಂದಾಗಿಸುವ ಕೆಲಸ ತಪ್ಪಿದ್ದಲ್ಲ. ಇಡೀ ನಿಕ್ಷೇಪದ ಹಳೆಯ ರಿಸೋರ್ಸ್ ಮಾಡೆಲ್ ಒಂದು, ಬ್ಲಾಸ್ಟ್‌ಹೋಲ್ (ಸ್ಫೋಟಕ್ಕೆ ಕೊರೆದ ರಂಧ್ರ) ಸ್ಯಾಂಪಲ್‌ನಿಂದ ಕಟ್ಟಿದ ಗ್ರೇಡ್ ಕಂಟ್ರೋಲ್ ಮಾಡೆಲ್ ಇನ್ನೊಂದು. ಎರಡೂ ಇರುವ ಜಾಗದಲ್ಲಿ ಹೊಸದೇ ನಿಲ್ಲಬೇಕು. ಮೂರು ದಾರಿಯನ್ನೂ ಬಳಸಿ ನೋಡಿದ ಮೇಲೆ ನಾನು ಪೈಥಾನ್‌ನ ಕೋಷ್ಟಕ ಲೈಬ್ರರಿ ಪಾಂಡಾಸ್ ಪಕ್ಷ.

ಗಣಿ ತಂತ್ರಾಂಶ ಡೇಟಾಮೈನ್‌ನಲ್ಲಿ ಮಾಡೆಲ್ ಸೇರಿಸುವ ಆಡ್‌ಮಾಡ್ ಆಜ್ಞೆಗೆ ಎರಡೂ ಮಾಡೆಲ್‌ಗಳ ಪ್ರೋಟೋಟೈಪ್ (ಮೂಲಬಿಂದು ಅಂದರೆ ಒರಿಜಿನ್, ಬ್ಲಾಕ್ ಅಳತೆ, ಎಣಿಕೆ) ಒಂದೇ ಇರಬೇಕು, ಬ್ಲಾಕಿನ ಕ್ರಮಸಂಖ್ಯೆ ಐಜೆಕೆ ಪ್ರಕಾರ ಸಾರ್ಟ್ ಆಗಿರಬೇಕು. ಪ್ರೋಟೋಟೈಪ್ ಬೇರೆಯಾದರೆ ಮಾಡೆಲನ್ನು ಹೊಸ ಪ್ರೋಟೋಟೈಪ್‌ಗೆ ಕೂರಿಸುವ ಸ್ಲೈಮಾಡ್ ಮೊದಲು ಓಡಿಸಿ. ಎರಡನೇ ಇನ್‌ಪುಟ್ ಮೊದಲನೆಯದರ ಮೇಲೆ ಕೂರುತ್ತದೆ, ಹಾಗಾಗಿ ಗ್ರೇಡ್ ಕಂಟ್ರೋಲ್ ಎರಡನೆಯದಾಗಿ ಹೋಗಲಿ. ಅರ್ಧಂಬರ್ಧ ಅತಿಕ್ರಮಿಸಿದ ಬ್ಲಾಕ್‌ಗಳನ್ನು ಅದೇ ಕತ್ತರಿಸಿಕೊಡುತ್ತದೆ, ಪಾಂಡಾಸ್‌ಗೆ ಅದು ಬಾರದು.

ಎರಡನ್ನೂ ರೆಗ್ಯುಲರೈಸ್ ಮಾಡಿ, ಅಂದರೆ ಸರಾಸರಿ ತೆಗೆದು ಒಂದೇ ಅಳತೆಯ ಬ್ಲಾಕ್‌ಗಳಾಗಿಸಿ, ಸೇರಿಸುವುದು ಸುಲಭ, ಆದರೆ ಅದಿರಿನ ಅಂಚು ಕಲಸಿಹೋಗುತ್ತದೆ. ಸರಾಸರಿಯನ್ನು ಟನೇಜ್ ಮೇಲೆಯೇ ತೆಗೆಯಬೇಕು. ಒಂದು ಬ್ಲಾಕಿನ ಅರ್ಧ 62% ಕಬ್ಬಿಣದ, 4.0 ಸಾಂದ್ರತೆಯ ಹೆಮಟೈಟ್, ಉಳಿದರ್ಧ 20% ಕಬ್ಬಿಣದ, 2.4 ಸಾಂದ್ರತೆಯ ಶೇಲ್ ಎಂದಿಟ್ಟುಕೊಳ್ಳಿ. ಘನಗಾತ್ರದ ಸರಾಸರಿ 41%, ಟನೇಜ್ ಸರಾಸರಿ 46.25%. ಅದಿರು ಎನ್ನಲು ಕನಿಷ್ಠ ಮಿತಿ 45% ಎಂದಿಟ್ಟುಕೊಳ್ಳಿ. ಘನಗಾತ್ರದ ಸರಾಸರಿ ನಂಬಿದರೆ ಅದಿರೇ ಕಸದ ಲೆಕ್ಕಕ್ಕೆ ಸೇರಿಬಿಡುತ್ತದೆ.

ಇನ್ನು ಪಾಂಡಾಸ್. ಇಲ್ಲಿ ಕಾಡುವುದು ನಿರ್ದೇಶಾಂಕ. ಯುಟಿಎಂನಲ್ಲಿ (ಮೀಟರ್ ಲೆಕ್ಕದ ನಕ್ಷೆ ನಿರ್ದೇಶಾಂಕ) ಸಂಡೂರಿನ ನಾರ್ತಿಂಗ್, ಅಂದರೆ ವೈ, ಸುಮಾರು 16,68,000 ಮೀಟರ್. ಸಿಂಗಲ್ ಪ್ರಿಸಿಷನ್ (32 ಬಿಟ್ ಸಂಖ್ಯೆಯ) ಕಡತದಲ್ಲಿ ಅಷ್ಟು ದೊಡ್ಡ ಸಂಖ್ಯೆ 0.125 ಮೀಟರ್ ಹೆಜ್ಜೆಯಲ್ಲಷ್ಟೇ ಉಳಿಯುತ್ತದೆ. 25 ಮೀಟರ್ ಬ್ಲಾಕನ್ನು ಎಂಟು ಭಾಗ ಮಾಡಿದರೆ ಸಬ್‌ಬ್ಲಾಕ್ 3.125 ಮೀಟರ್, ಅದರ ಕೇಂದ್ರ 1.5625ರಲ್ಲಿ. 1668001.5625 ಎಂದಿರಬೇಕಾದದ್ದು ಕಡತದಲ್ಲಿ 1668001.5 ಆಗಿ ಕೂತಿರುತ್ತದೆ. ಈಸ್ಟಿಂಗ್, ಅಂದರೆ ಎಕ್ಸ್, ಸುಮಾರು 6,66,000. ಅಲ್ಲಿ ಹೆಜ್ಜೆ 0.0625, ಆದ್ದರಿಂದ ಎಕ್ಸ್ ಸರಿಯಾಗಿ ಹೊಂದುತ್ತದೆ. ವೈ ಮಾತ್ರ ಪ್ರತಿ ಸಾಲಿನಲ್ಲೂ 6.25 ಸೆಂಟಿಮೀಟರ್ ತಪ್ಪುತ್ತದೆ. ಇನ್ನೊಂದು ಮಾಡೆಲ್ ಡಬಲ್ ಪ್ರಿಸಿಷನ್‌ನಲ್ಲಿದ್ದಾಗ ಎಕ್ಸ್‌ವೈಝಡ್ ಮೇಲೆ ಔಟರ್ ಮರ್ಜ್ (ಹೊಂದದ ಸಾಲುಗಳನ್ನೂ ಉಳಿಸುವ ಬೆಸುಗೆ) ಮಾಡಿದರೆ ಎರರ್ ಏನೂ ಬರುವುದಿಲ್ಲ. ಒಂದೇ ಜಾಗದಲ್ಲಿ ಎರಡೆರಡು ಬ್ಲಾಕ್ ಕೂತು ಟನೇಜ್ ಉಬ್ಬುತ್ತದೆ, ಅಷ್ಟೆ.

ಅದಕ್ಕೇ ನಿರ್ದೇಶಾಂಕದ ಮೇಲೆ ಬೆಸೆಯಲೇಬೇಡಿ. ಕೇಂದ್ರದಿಂದ ಒರಿಜಿನ್ ಕಳೆದು, ಸಬ್‌ಬ್ಲಾಕ್ ಅಳತೆಯಿಂದ ಭಾಗಿಸಿ, ಫ್ಲೋರ್ ಮಾಡಿ (ಕೆಳಗಿನ ಪೂರ್ಣಾಂಕಕ್ಕೆ ಇಳಿಸಿ). ಬರುವ ಮೂರು ಪೂರ್ಣಾಂಕಗಳೇ ಬ್ಲಾಕಿನ ಗುರುತು, ಅಂದರೆ ಕೀ. ಕೇಂದ್ರದಿಂದ ಅಂಚಿಗೆ ಒಂದೂವರೆ ಮೀಟರ್ ಇರುವುದರಿಂದ ಆರು ಸೆಂಟಿಮೀಟರ್ ತಪ್ಪು ಏನೂ ಮಾಡದು. ದೊಡ್ಡ ಬ್ಲಾಕ್‌ಗಳಾಗಿಯೇ ಉಳಿದಿರುವುದನ್ನು ಮೊದಲೇ ಸಬ್‌ಬ್ಲಾಕ್ ಅಳತೆಗೆ ಒಡೆದಿರಬೇಕು.

ಕಂಬೈನ್‌ಫಸ್ಟ್ ಬಳಸಬೇಡಿ. ಹೊಸ ಮಾಡೆಲ್‌ನಲ್ಲಿ ಅಲ್ಯುಮಿನಾ ಖಾಲಿ ಇದ್ದರೆ ಅದು ಹಳೆಯದರಿಂದ ತುಂಬುತ್ತದೆ. ಒಂದೇ ಬ್ಲಾಕಿನಲ್ಲಿ ಕಬ್ಬಿಣ ಹೊಸದು, ಅಲ್ಯುಮಿನಾ ಹಳೆಯದು! ಹೊಸದರಲ್ಲಿರುವ ಕೀಗಳನ್ನು ಹಳೆಯದರಿಂದ ತೆಗೆದುಹಾಕಿ, ಆಮೇಲೆ ಕಾನ್‌ಕ್ಯಾಟ್ (ಒಂದರ ಕೆಳಗೊಂದು ಜೋಡಿಸಿ). ಮಾಹಿತಿ ಇಲ್ಲ ಎನ್ನಲು -99 ಹಾಕಿದ್ದರೆ ಮೊದಲೇ ನಲ್ (ಖಾಲಿ) ಮಾಡಿ. ಕೊನೆಗೆ ಕೀ ಎರಡು ಸಲ ಬಂದಿದೆಯೇ ನೋಡಿ, ಒಟ್ಟು ಘನಗಾತ್ರವನ್ನು ಬೆಂಚ್‌ವಾರು (ಗಣಿಯ ಒಂದೊಂದು ಮೆಟ್ಟಿಲಿಗೆ) ತಾಳೆ ಹಾಕಿ.

ಖರ್ಚಿನ ಮಾತಿಗೆ ಬಂದರೆ, ಪಾಂಡಾಸ್‌ಗೆ ದುಡ್ಡಿಲ್ಲ, ಸುರತ್ಕಲ್ ಎನ್‌ಐಟಿಕೆಯ ಗಣಿ ವಿಭಾಗದಿಂದ ಬರುವ ಹುಡುಗರಿಗೆ ಪೈಥಾನ್ ಗೊತ್ತಿರುತ್ತದೆ. ಎರಡು ಮಾಡೆಲ್‌ಗಳ ಸಬ್‌ಬ್ಲಾಕ್ ಅಳತೆ ಒಂದಕ್ಕೊಂದು ಹೊಂದದೇ ಇದ್ದಾಗ ಮಾತ್ರ ಲೈಸೆನ್ಸ್ ಇರುವ ಗಣಿ ಕಚೇರಿಗೆ ಕಡತ ಕಳಿಸಿ ಆಡ್‌ಮಾಡ್ ಓಡಿಸಿ ತರಿಸಿಕೊಳ್ಳುತ್ತೇವೆ.