ಟೈಪಿಂಗ್ ಅಂಗಡಿಯ ಬಾಡಿಗೆ ಕರಾರು: ವಿಳಾಸಕ್ಕೆ ಸಾಕು, ತೇವದ ಗೋಡೆಗೆ ಸಾಲದು

ತುಮಕೂರಿನ ಕೋರ್ಟು, ಕಚೇರಿಗಳ ಆಸುಪಾಸಿನಲ್ಲಿ ಯಾವ ಟೈಪಿಂಗ್ ಅಂಗಡಿಗೆ ಹೋದರೂ ಬಾಡಿಗೆ ಕರಾರು ಪತ್ರ ಹೆಚ್ಚುಕಡಿಮೆ ಒಂದೇ ಅಚ್ಚಿನದು. ಎರಡು ಹೆಸರು, ಅಡ್ವಾನ್ಸ್, ಬಾಡಿಗೆ ಹೇಳಿದರೆ ಟೀ ಕುಡಿದು ಬರುವಷ್ಟರಲ್ಲಿ ಪ್ರಿಂಟ್ ಸಿದ್ಧ. ಗ್ಯಾಸ್ ಕನೆಕ್ಷನ್ನಿಗೆ, ಬ್ಯಾಂಕಿಗೆ ವಿಳಾಸ ತೋರಿಸಲು ಇಷ್ಟು ಧಾರಾಳ ಸಾಕು. ಅವಧಿ 11 ತಿಂಗಳು ಎಂದು ಹಾಕುವುದಕ್ಕೂ ಕಾರಣವಿದೆ: ಒಂದು ವರ್ಷ ಮೀರಿದ ಗುತ್ತಿಗೆಯನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಣಿ ಮಾಡಿಸಲೇಬೇಕು. ವೇಗಕ್ಕೆ, ಸಲೀಸಿಗೆ ಪೂರ್ತಿ ಅಂಕ ಕೊಡಬಹುದು.

ತೊಂದರೆ ಶುರುವಾಗುವುದು ಎರಡನೇ ಪುಟದಲ್ಲಿ. ಅಲ್ಲಿ ಸಾಮಾನ್ಯವಾಗಿ ಮೂರು ಸಾಲು ಇರುತ್ತವೆ. ಸ್ವತ್ತು ಸುಸ್ಥಿತಿಯಲ್ಲಿದೆ, ಸುಸ್ಥಿತಿಯಲ್ಲೇ ಬಿಟ್ಟುಕೊಡತಕ್ಕದ್ದು. ಖಾಲಿ ಮಾಡುವಾಗ ಸುಣ್ಣ ಬಣ್ಣಕ್ಕೆ ಒಂದು ತಿಂಗಳ ಬಾಡಿಗೆಯನ್ನು ಅಡ್ವಾನ್ಸಿನಲ್ಲಿ ಹಿಡಿದುಕೊಳ್ಳತಕ್ಕದ್ದು. ದುರಸ್ತಿ ಖರ್ಚನ್ನು ಬಾಡಿಗೆಯಲ್ಲಿ ವಜಾ ಮಾಡತಕ್ಕದ್ದಲ್ಲ. ಓದಲು ಸಾಧುವಾಗಿವೆ. ಆದರೆ ಈ ಮೂರನ್ನೂ ಬರೆಯದೆ ಬಿಟ್ಟಿದ್ದರೆ ಬಾಡಿಗೆದಾರರಿಗೆ ಕಾನೂನಿನ ರಕ್ಷಣೆ ಇದಕ್ಕಿಂತ ಚೆನ್ನಾಗಿ ಸಿಗುತ್ತಿತ್ತು.

1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಂ ಹೇಳುವುದಿಷ್ಟು. ಮನೆಯಲ್ಲಿ ಕಣ್ಣಿಗೆ ಬೀಳದ ದೊಡ್ಡ ದೋಷವಿದ್ದು ಮಾಲೀಕರಿಗೆ ಅದು ಗೊತ್ತಿದ್ದರೆ ಮೊದಲೇ ತಿಳಿಸಬೇಕು. ಬಾಡಿಗೆದಾರರು ಮನೆಯನ್ನು ಪಡೆದ ಸ್ಥಿತಿಯಲ್ಲೇ ಇಟ್ಟುಕೊಳ್ಳಬೇಕು, ಆದರೆ ಸಹಜ ಸವೆತಕ್ಕೆ ವಿನಾಯಿತಿ ಇದೆ. ಬಾಡಿಗೆದಾರರ ತಪ್ಪಿನಿಂದ ಏನಾದರೂ ಕೆಟ್ಟಿದ್ದರೆ ನೋಟಿಸ್ ಬಂದ ಮೂರು ತಿಂಗಳೊಳಗೆ ಅವರೇ ಸರಿಪಡಿಸಬೇಕು. ಮಾಲೀಕರು ಮಾಡಲೇಬೇಕಾದ ದುರಸ್ತಿಯನ್ನು ತಿಳಿಸಿದ ಮೇಲೂ ಮಾಡದಿದ್ದರೆ ಬಾಡಿಗೆದಾರರು ಮಾಡಿಸಿ ಬಾಡಿಗೆಯಲ್ಲಿ ಕಳೆಯಬಹುದು. ಈ ಕಲಂ ಅನ್ವಯಿಸುವುದು ಬೇರೆ ಕರಾರು ಇಲ್ಲದಿದ್ದಾಗ. ಬೇರೆ ಕರಾರು ಎಂದರೆ ಅಂಗಡಿಯವರು ಹೊಡೆದುಕೊಟ್ಟ ಆ ಸಾಲುಗಳೇ! ಮಾಲೀಕರು ಮಾಡಲೇಬೇಕಾದ ದುರಸ್ತಿ ಯಾವುದು ಎಂದು ಈ ಕಲಂ ಪಟ್ಟಿ ಕೊಡುವುದಿಲ್ಲ. ಪತ್ರ ಹೇಳಬೇಕಿದ್ದದ್ದು ಅದನ್ನೇ, ಅದನ್ನೇ ಹೇಳುವುದಿಲ್ಲ. 1999ರ ಕರ್ನಾಟಕ ಬಾಡಿಗೆ ಕಾಯ್ದೆಯನ್ನು ನೆಚ್ಚಿಕೊಳ್ಳುವ ಹಾಗೂ ಇಲ್ಲ. ಅದು ತಿಂಗಳಿಗೆ 3,500 ರೂಪಾಯಿ, ಕೆಲವು ಪ್ರದೇಶಗಳಲ್ಲಿ 2,000 ರೂಪಾಯಿ ಮೀರಿದ ಬಾಡಿಗೆ ಮನೆಗಳನ್ನು ಹೊರಗಿಟ್ಟಿದೆ.

ಇನ್ನು ತೇವದ ವಿಚಾರ, ಅಡ್ವಾನ್ಸ್ ಜಗಳಗಳ ದೊಡ್ಡ ಮೂಲ. ನಮ್ಮ ಕಡೆ ಮನೆ ನೋಡುವುದು ಬೇಸಿಗೆಯಲ್ಲಿ, ಶಾಲೆ ಕಾಲೇಜು ಶುರುವಾಗುವ ಮುಂಚೆ. ಗಟ್ಟಿ ಮಳೆ ಬೀಳುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಏಪ್ರಿಲ್‌ನಲ್ಲಿ ಸಹಿ ಹಾಕುವಾಗ ಗೋಡೆ ಒಣಗಿರುತ್ತದೆ, ಹೊಸ ಪುಟ್ಟಿ ಹೊಳೆಯುತ್ತಿರುತ್ತದೆ, ಸುಸ್ಥಿತಿ ಎಂಬ ಪದಕ್ಕೆ ಯಾರೂ ತಕರಾರು ತೆಗೆಯುವುದಿಲ್ಲ. ದಸರಾ ಹೊತ್ತಿಗೆ ಬೀರುವಿನ ಹಿಂದೆ ಬಣ್ಣ ಹಪ್ಪಳದ ಹಾಗೆ ಎದ್ದು, ಬೆರಳಲ್ಲಿ ಒತ್ತಿದರೆ ಬಿಳಿ ಪುಡಿ ಉದುರುತ್ತದೆ. ಆ ಪುಡಿ ಸುಣ್ಣವಲ್ಲ. ಇಟ್ಟಿಗೆಯಲ್ಲೂ ನೆಲದ ನೀರಿನಲ್ಲೂ ಇದ್ದ ಉಪ್ಪು, ನೀರು ಆರಿದ ಮೇಲೆ ಗೋಡೆಯ ಮೈಮೇಲೆ ಉಳಿದದ್ದು.

ಯಾರ ಹೊಣೆ ಎಂದು ತಿಳಿಯಲು ತೇವ ಎಲ್ಲಿಂದ ಬಂತೆಂದು ಮೊದಲು ನೋಡಬೇಕು. ನೆಲದಿಂದ ಮೇಲಕ್ಕೆ ಎರಡು ಮೂರು ಅಡಿವರೆಗೆ ಒಂದೇ ಮಟ್ಟದಲ್ಲಿ ಪಟ್ಟೆ ಇದ್ದರೆ ಅದು ಪಾಯದಿಂದ ಹೀರಿದ ನೀರು. ತಳಪಾಯದ ಮೇಲೆ ತೇವ ತಡೆಯುವ ಪದರ ಹಾಕಿಲ್ಲ, ಇಲ್ಲವೇ ಅದು ಸೀಳಿದೆ. ಸೀಲಿಂಗಿನ ಮೂಲೆಯಲ್ಲಿ ಕಂದು ಕಲೆಯಿದ್ದರೆ ತಾರಸಿ. ಪ್ಯಾರಪೆಟ್ ಗೋಡೆ ಮತ್ತು ಮೋಲ್ಡ್ (ಕಾಂಕ್ರೀಟ್ ಚಾವಣಿ) ಕೂಡುವ ಸಂದನ್ನೇ ಮೊದಲು ನೋಡಿ. ಚಿಕ್ಕಪೇಟೆಯಂಥ ಹಳೇ ಬೀದಿಗಳ ಚಪ್ಪಡಿ ಮನೆಯಾದರೆ ಕಲ್ಲಿನ ಸಂದುಗಳು. ಬಚ್ಚಲಿನ ಆಚೆ ಬದಿಯ ಗೋಡೆ ಮಳೆಯಿಲ್ಲದ ಕಾಲದಲ್ಲೂ ಒದ್ದೆಯಿದ್ದರೆ ನಹಾನಿ ಟ್ರ್ಯಾಪ್ (ಬಚ್ಚಲಿನ ನೆಲದಲ್ಲಿ ನೀರು ಹೋಗಲು ಕೂರಿಸಿದ ಜಾಲರಿ ಕಿಂಡಿ) ಅಥವಾ ಪೈಪು. ಬಚ್ಚಲಿನ ನೀರು ಹೋಗುವ ಕಿಂಡಿಗೆ ಬಟ್ಟೆ ತುರುಕಿ, ಒಂದು ಇಂಚು ನೀರು ನಿಲ್ಲಿಸಿ, ಗೋಡೆಗೆ ಪೆನ್ಸಿಲ್ ಗುರುತು ಹಾಕಿ, 24 ಗಂಟೆ ಬಿಡಿ. ನೀರು ಗುರುತಿನಿಂದ ಚೆನ್ನಾಗಿ ಕೆಳಗಿಳಿದಿದ್ದರೆ ನೆಲದಲ್ಲಿ ಸೋರಿಕೆಯಿದೆ. ಇಳಿಯದೆ ಗೋಡೆ ಮಾತ್ರ ಒದ್ದೆಯಾಗುತ್ತಿದ್ದರೆ ಗೋಡೆಯೊಳಗಿನ ಪೈಪನ್ನು ಅನುಮಾನಿಸಿ. ಇವೆಲ್ಲ ಕಟ್ಟಡದ ದೋಷ, ಮಾಲೀಕರ ಖಾತೆಗೆ ಬರೆಯಬೇಕಾದವು.

ಬಾಡಿಗೆದಾರರ ಪಾಲಿನ ತೇವವೂ ಇದೆ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಬಟ್ಟೆ ಒಣಗಿಸಿದರೆ, ಬೀರು ಗೋಡೆಗೆ ಅಂಟಿದ ಹಾಗೆ ಇಟ್ಟರೆ, ಬೂಷ್ಟು ಬರುತ್ತದೆ. ತಿಳಿಯಲು ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಕಡೆ ಟೇಪು ಹಾಕಿ ಅಂಟಿಸಿ ಎರಡು ದಿನ ಬಿಡಿ. ಹಾಳೆಯ ಹೊರಮೈಯಲ್ಲಿ ಹನಿ ಕಂಡರೆ ಕೋಣೆಯ ಗಾಳಿಯ ತೇವ, ಒಳಮೈಯಲ್ಲಿ ಕಂಡರೆ ಗೋಡೆಯೊಳಗಿಂದ ಬಂದದ್ದು. ಗೋಡೆ ಮತ್ತು ಬೀರುವಿನ ನಡುವೆ ಮೂರು ನಾಲ್ಕು ಇಂಚು ಜಾಗ ಬಿಟ್ಟರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಮಾಲೀಕರಿಗೂ ಒಂದು ಮಾತು. ಪಾಯದ ತೇವಕ್ಕೆ ಒಳಗಿನಿಂದ ಪುಟ್ಟಿ ಬಳಿದು ವಾಟರ್‌ಪ್ರೂಫ್ ಪೇಂಟ್ ಹೊಡೆಸುವುದು ಹಣ ಚೆಲ್ಲಿದ ಹಾಗೆ. ನೀರಿಗೆ ಹೊರಬರಲು ದಾರಿ ಸಿಗದೆ ಇನ್ನೊಂದು ಅಡಿ ಮೇಲೇರುತ್ತದೆ, ಮುಂದಿನ ಮಳೆಗೆ ಪುಟ್ಟಿ ಚಕ್ಕೆಚಕ್ಕೆಯಾಗಿ ಬೀಳುತ್ತದೆ. ಕಲೆಗಿಂತ ಒಂದಡಿ ಮೇಲಿನವರೆಗೆ ಗಾರೆ ಕೆತ್ತಿಸಿ, ಉಪ್ಪನ್ನು ಒಣ ಬ್ರಷ್ಷಿನಿಂದ ಉಜ್ಜಿಸಿ, ಗೋಡೆ ಆರಲು ವಾರಗಟ್ಟಲೆ ಬಿಟ್ಟು, ಆಮೇಲೆ ವಾಟರ್‌ಪ್ರೂಫ್ ಮಿಶ್ರಣ ಸೇರಿಸಿದ ಗಾರೆ ಹಾಕಿಸಬೇಕು. ಜೊತೆಗೆ ಹೊರಗಡೆ ಗೋಡೆ ಬುಡದಲ್ಲಿ ಮಣ್ಣು ಒಳನೆಲದ ಮಟ್ಟಕ್ಕಿಂತ ಮೇಲೇರಿದ್ದರೆ ತೆಗೆಸಬೇಕು.

ಸುಣ್ಣ ಬಣ್ಣಕ್ಕೆ ಒಂದು ತಿಂಗಳ ಬಾಡಿಗೆ ಎಂಬ ಪದ್ಧತಿ ಎಷ್ಟು ಬೇರೂರಿದೆಯೆಂದರೆ ಯಾರೂ ಲೆಕ್ಕವನ್ನೇ ಕೇಳುವುದಿಲ್ಲ. ಬಣ್ಣಕ್ಕೆ 12,000 ರೂಪಾಯಿ ಖರ್ಚಾಗಿ ಅದರ ಬಾಳಿಕೆ ನಾಲ್ಕು ವರ್ಷ ಎಂದಿಟ್ಟುಕೊಂಡರೆ, ಮೂರು ವರ್ಷ ಇದ್ದವರು ಗೋಡೆ ಹಾಳುಮಾಡಿದ್ದರೂ ಅವರಿಂದ ನ್ಯಾಯವಾಗಿ ಬರಬೇಕಾದ್ದು 3,000. ಮಾಸಿದ ಬಣ್ಣ, ಕ್ಯಾಲೆಂಡರ್ ಮೊಳೆಯ ತೂತು, ಒಗ್ಗರಣೆ ಹೊಗೆಗೆ ಹಳದಿಯಾದ ಅಡುಗೆಮನೆ ಗೋಡೆ, ಮಳೆಗೆ ಉಬ್ಬಿದ ಬಾಗಿಲು ಸಹಜ ಸವೆತ. ಒಡೆದ ಸಿಂಕು, ಸೀಳಿದ ಗ್ರಾನೈಟು, ಟೀವಿಗೆ ಕೊರೆದು ಕಿತ್ತುಬಂದ ಗಾರೆ ಹಾನಿ. ಗೀಸರ್ ವಿಚಾರ ನಡುವಿನದು: ಬೋರ್‌ವೆಲ್ಲಿನ ಗಡಸು ನೀರಿಗೆ ಕಾಯಿಲ್ ಮೇಲೆ ಬಿಳಿ ಪೊರೆ ಕಟ್ಟಿ ಸುಟ್ಟರೆ ಬಾಡಿಗೆದಾರರನ್ನು ದೂರುವುದು ಸರಿಯಲ್ಲ. ಆದರೂ 2021ರ ಕೇಂದ್ರದ ಮಾದರಿ ಬಾಡಿಗೆ ಕಾಯ್ದೆಯ ಪಟ್ಟಿ ಗೀಸರ್ ರಿಪೇರಿಯನ್ನು ಬಾಡಿಗೆದಾರರಿಗೇ ಹಾಕಿದೆ. ಆ ಪಟ್ಟಿಯ ಪ್ರಕಾರ ನಲ್ಲಿ, ವಾಷರ್, ಸ್ವಿಚ್ಚು, ಬೀಗ, ಚರಂಡಿ ಕ್ಲೀನಿಂಗ್ ಬಾಡಿಗೆದಾರರದು. ಕಟ್ಟಡದ ದುರಸ್ತಿ, ಗೋಡೆಗೆ ಸುಣ್ಣ, ಪೈಪ್ ಬದಲಾವಣೆ, ವೈರಿಂಗ್ ಮಾಲೀಕರದು. ರಾಜ್ಯ ತನ್ನ ಕಾನೂನು ಮಾಡದೆ ಅದು ಜಾರಿಗೆ ಬರುವುದಿಲ್ಲ ನಿಜ. ಆದರೆ ಕರಾರಿಗೆ ನಕಲು ಮಾಡಿಕೊಳ್ಳಲು ಅದಕ್ಕಿಂತ ಸಲೀಸಾದ ಪಟ್ಟಿ ಇಲ್ಲ.

ಹಾಗಾಗಿ ಅಂಗಡಿಯಲ್ಲಿ ಕೂತಾಗ ಆ ಮೂರು ಸಾಲು ತೆಗೆಸಿ ಹೀಗೆ ಹೊಡೆಸಿ: "ತಾರಸಿ, ಗೋಡೆ, ಪಾಯ, ಒಳಗಿನ ಪೈಪು ಮತ್ತು ವೈರಿಂಗ್ ದೋಷಗಳನ್ನು ಲಿಖಿತವಾಗಿ ತಿಳಿಸಿದ 15 ದಿನದೊಳಗೆ ಮಾಲೀಕರು ಸರಿಪಡಿಸತಕ್ಕದ್ದು. ತಪ್ಪಿದಲ್ಲಿ ಬಾಡಿಗೆದಾರರು ಬಿಲ್ ಸಮೇತ ಮಾಡಿಸಿ ಬಾಡಿಗೆಯಲ್ಲಿ ವಜಾ ಮಾಡಿಕೊಳ್ಳಬಹುದು. ಸಹಜ ಸವೆತಕ್ಕೆ ಅಡ್ವಾನ್ಸಿನಲ್ಲಿ ಕಡಿತವಿಲ್ಲ." ಮಾಲೀಕರ ಪರವಾಗಿ ಇನ್ನೊಂದು ಸಾಲೂ ಇರಲಿ: "ತೇವ, ಸೋರಿಕೆ ಕಂಡ ಒಂದು ವಾರದೊಳಗೆ ಫೋಟೋ ಸಮೇತ ತಿಳಿಸತಕ್ಕದ್ದು." ತಿಳಿಸದೆ ಆರು ತಿಂಗಳು ಬಿಟ್ಟು ಕೆಡಿಸಿದ ಗೋಡೆಗೆ ಮಾಲೀಕರೊಬ್ಬರೇ ಯಾಕೆ ತೆರಬೇಕು? ಜೊತೆಗೆ ಪ್ರತಿ ಕೋಣೆಯ ನಾಲ್ಕು ಗೋಡೆ ಮತ್ತು ಸೀಲಿಂಗಿನ ಫೋಟೋ ಪ್ರಿಂಟ್ ಮಾಡಿಸಿ ಇಬ್ಬರೂ ಸಹಿ ಹಾಕಿ ಲಗತ್ತಿಸಿ.

ಈ ಸಾಲುಗಳಿಗೆ ಹೆಚ್ಚುವರಿ ಪುಟದ ದುಡ್ಡು ಕೇಳಿದರೆ ಕೊಟ್ಟುಬಿಡಿ. ಪ್ರಿಂಟ್ ಕೊಡುವ ಮುಂಚೆ ಚಕ್ಕುಬಂದಿಯನ್ನು, ಅಂದರೆ ಮನೆಯ ನಾಲ್ಕೂ ದಿಕ್ಕಿನ ಗಡಿ ವಿವರವನ್ನು, ಮಾತ್ರ ಗಟ್ಟಿಯಾಗಿ ಓದಿಸಿ. ಹಳೇ ಫೈಲನ್ನೇ ತಿದ್ದಿ ಕೊಡುವುದರಿಂದ ಹಿಂದಿನ ಗಿರಾಕಿಯ ಮನೆಯ ಉತ್ತರಕ್ಕಿದ್ದ ರಸ್ತೆ ನಿಮ್ಮ ಪತ್ರದಲ್ಲೂ ಹಾಗೇ ಉಳಿದಿರಬಹುದು.